ಶಿವರಾತ್ರಿಯಿಂದ ಯುಗಾದಿವರೆಗೆ: ಒಂದು ತಲೆನೋವಿನ ಲೆಕ್ಕ

ಈ ಸಂಚಿಕೆ ಮೂರು ವಾರ ತಡವಾಗಿ ಬರ್ತಾ ಇದೆ. ಯಾಕೆ ಅಂತ ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರಿ. ಕಾರಣವೇ ಇವತ್ತಿನ ವಿಷಯ, ಹಾಗಾಗಿ ಬೇರೆ ಪೀಠಿಕೆ ಬೇಡ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತೆ ಅನ್ನೋ ಮಾತು ನೀವೂ ಕೇಳಿರ್ತೀರಿ. ನಮ್ಮ ಮನೇಲಿ ಚಳಿ ಹೋದ ಜಾಗಕ್ಕೆ ತಲೆನೋವು ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ, ತಿಪಟೂರಿನ ಮನೇಲಿ, ಶಿವರಾತ್ರಿ ಆಸುಪಾಸಿನಲ್ಲಿ ಅಮ್ಮ ಇದ್ದಕ್ಕಿದ್ದ ಹಾಗೆ ಒಳಗಿನ ಕೋಣೆ ಸೇರಿಬಿಡೋರು. ಕಿಟಕಿಗೆ ಬೆಡ್‌ಶೀಟು, ತಲೆಗೆ ಬಿಗಿಯಾಗಿ ಕಟ್ಟಿದ ಹಳೇ ಸೀರೆ ಅಂಚು, ಹಣೆಗೆ ತೇದ ಶುಂಠಿ, ಅದರ ಮೇಲೆ ಅಮೃತಾಂಜನ. ಅಡುಗೆಮನೇಲಿ ಒಗ್ಗರಣೆ ಸಿಡಿದರೂ ಅವರಿಗೆ ವಾಂತಿ ಬರೋದು. ಹಬ್ಬದ ಕೆಲಸ ಇರೋವಾಗಲೇ ಇವಳಿಗೆ ತಲೆನೋವು ಅಂತ ಅಜ್ಜಿ ಹೊರಗೆ ಗೊಣಗೋರು. ಯುಗಾದಿ ಕಳೆದು, ಒಂದೆರಡು ಮಳೆ ಬಿದ್ದ ಮೇಲೆ ಅಮ್ಮ ಮತ್ತೆ ಮೊದಲಿನ ಹಾಗೆ ಓಡಾಡೋರು. ಗೊಣಗಿದವರಿಗೆ ಅದೇ ಸಾಕ್ಷಿ ಆಗ್ತಿತ್ತು. ನಿಜವಾದ ಕಾಯಿಲೆ ಆಗಿದ್ರೆ ತಾನಾಗೇ ಹೋಗುತ್ತಾ?

ನನಗೆ ಅದು ಶುರುವಾಗಿದ್ದು ಬಿ.ಕಾಂ. ಎರಡನೇ ವರ್ಷದಲ್ಲಿ. ಬಲಗಣ್ಣಿನ ಹಿಂದಿನಿಂದ, ಫೆಬ್ರವರಿ ಕೊನೇಲಿ. ಆರು ವರ್ಷ ಅದನ್ನ ನಾನು ಸೈನಸ್ ಅಂದುಕೊಂಡಿದ್ದೆ. ಯಾಕಂದ್ರೆ ಡಾಕ್ಟರೂ ಹಾಗೇ ಹೇಳಿದ್ರು. ಮೂಗು ಕಟ್ಟುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಸೀಸನ್ ಬದಲಾದಾಗ ಬರುತ್ತೆ, ಇನ್ನೇನು ಬೇಕು? ಹಬೆ ತಗೊಂಡೆ, ಆಂಟಿಬಯಾಟಿಕ್ ನುಂಗಿದೆ, ಎಕ್ಸ್‌ರೇ ತೆಗೆಸಿದೆ. ಅದು ಮೈಗ್ರೇನ್ ಅಂತ ಗೊತ್ತಾಗಿದ್ದು 25 ತುಂಬಿದ ಮೇಲೆ.

ನನ್ನ ಥರದವರು ಎಷ್ಟು ಜನ ಅಂತ ನೋಡೋಣ. 2004ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ತಮಗೆ ಸೈನಸ್ ತಲೆನೋವು ಇದೆ ಅಂತ ತಾವೇ ಹೇಳಿಕೊಂಡ, ಇಲ್ಲವೇ ಡಾಕ್ಟರು ಹೇಳಿದ್ದ 2,991 ಜನರನ್ನ ಪರೀಕ್ಷೆ ಮಾಡಿದ್ರು. ಅವರಲ್ಲಿ ಶೇ. 88 ಜನರ ಲಕ್ಷಣ ಮೈಗ್ರೇನ್ ಲಕ್ಷಣಗಳಿಗೇ ಹೊಂದುತ್ತಿತ್ತು. ಮುಖದ ಸಂವೇದನೆಯನ್ನ ಮೆದುಳಿಗೆ ಒಯ್ಯೋ ದೊಡ್ಡ ನರ ಒಂದಿದೆ, ಟ್ರೈಜೆಮಿನಲ್ ಅಂತ. ಮೈಗ್ರೇನ್‌ನಲ್ಲಿ ಅದು ಕೆರಳಿದಾಗ ಮೂಗು, ಕಣ್ಣಿಗೆ ಹೋಗೋ ನರಗಳೂ ಎಚ್ಚೆತ್ತುಕೊಳ್ಳುತ್ತವೆ. ಮೂಗು ಸೋರೋದು, ಕಟ್ಟೋದು ಅದಕ್ಕೆ. ಅಂದರೆ ಸೀಸನ್ ಅನ್ನೋದು ನನ್ನ ವಿಷಯದಲ್ಲಿ ಎರಡು ಕೆಲಸ ಮಾಡಿತ್ತು. ನೋವನ್ನ ತಂದಿತ್ತು, ಜೊತೆಗೆ ಅದರ ಹೆಸರನ್ನೂ ಮುಚ್ಚಿಟ್ಟಿತ್ತು.

ಋತು ಬದಲಾದಾಗ ತಲೆ ನೋಯುತ್ತೆ ಅನ್ನೋದನ್ನ ಮೊದಲು ಗಮನಿಸಿದವರು ಯಾರು ಅಂತ ನಾನು ಹುಡುಕೋಕೆ ಹೊರಟಿದ್ದು ಆಗ.

ನಮ್ಮ ಮನೆಗಳಲ್ಲಿ ಅರೆತಲೆನೋವು ಅಂತೀವಲ್ಲ, ಆಯುರ್ವೇದದಲ್ಲಿ ಅದು ಅರ್ಧಾವಭೇದಕ. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ ಇದರ ವಿವರ ಬರುತ್ತೆ. ಈ ಭಾಗವನ್ನ ಪೂರ್ತಿ ಮಾಡಿದವನು ದೃಢಬಲ. ಅರ್ಧ ತಲೆ, ಕತ್ತು, ಹುಬ್ಬು, ಕಿವಿ, ಕಣ್ಣು, ಕಪಾಲ, ಎಲ್ಲೆಲ್ಲಿ ನೋವು ಅಂತ ಅವನು ಪಟ್ಟಿ ಕೊಡ್ತಾನೆ. ನನಗೆ ಆಸಕ್ತಿ ಹುಟ್ಟಿಸಿದ್ದು ಕಾರಣಗಳ ಪಟ್ಟಿ. ಒಣ ಆಹಾರ, ಹೊತ್ತಲ್ಲದ ಹೊತ್ತಿನ ಊಟ, ಅತಿಯಾದ ದಣಿವು, ಇವುಗಳ ಮಧ್ಯೆ ಮೂಡಣ ಗಾಳಿ ಮತ್ತು ಇಬ್ಬನಿ ಇವೆ. ಸುಶ್ರುತದಲ್ಲಿ ಇದೇ ನೋವು ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮರಳಿ ಬರುತ್ತೆ ಅಂತಿದೆ. ಯಾರೋ ದಿನ ಎಣಿಸಿದ್ದಾರೆ ಅಂತ ತಾನೇ ಅದರ ಅರ್ಥ?

ಇನ್ನೊಂದು ತಲೆನೋವಿನ ಹೆಸರು ಸೂರ್ಯಾವರ್ತ. ಸೂರ್ಯ ಹುಟ್ಟಿದಾಗ ಕಣ್ಣು, ಹುಬ್ಬಿನ ಹತ್ತಿರ ಸಣ್ಣಗೆ ಶುರುವಾಗಿ, ಬಿಸಿಲು ಏರಿದ ಹಾಗೆ ಏರಿ, ಇಳಿಹೊತ್ತಿಗೆ ಇಳಿಯುತ್ತೆ. ಇವತ್ತಿನ ವೈದ್ಯರಲ್ಲಿ ಕೆಲವರು ಇದನ್ನ ಸೈನಸೈಟಿಸ್ ಅಂತಾರೆ, ಕೆಲವರು ಮೈಗ್ರೇನ್ ಅಂತಾರೆ. ನನ್ನ ಆರು ವರ್ಷದ ಗೊಂದಲ ಎಷ್ಟು ಹಳೇದು ನೋಡಿ. ಉತ್ತರ ಭಾರತದ ಕಡೆ ಇದಕ್ಕೊಂದು ಮನೆಮದ್ದು ಇದೆ, ಸೂರ್ಯ ಹುಟ್ಟೋ ಮೊದಲು ಹಾಲಿನ ಜೊತೆ ಜಿಲೇಬಿ. ನಗು ಬರುತ್ತೆ. ಆದರೆ ಖಾಲಿ ಹೊಟ್ಟೆ ಮೈಗ್ರೇನನ್ನ ಎಬ್ಬಿಸುತ್ತೆ ಅಂತ ಗೊತ್ತಾದ ಮೇಲೆ ನಾನು ನಗೋದು ಬಿಟ್ಟೆ.

ಚಿಕಿತ್ಸೆ ವಿಷಯಕ್ಕೆ ಬಂದರೆ ಮುಖ್ಯವಾದದ್ದು ನಸ್ಯ, ಮೂಗಿಗೆ ಎಣ್ಣೆ ಬಿಡೋದು. ಚರಕದ ಸೂತ್ರಸ್ಥಾನದಲ್ಲಿ ಅಣುತೈಲದ ನಸ್ಯವನ್ನ ವರ್ಷಕ್ಕೆ ಮೂರು ಕಾಲದಲ್ಲಿ ಮಾಡಬೇಕು ಅಂತ ಹೇಳಿದೆ. ಮಳೆಗಾಲದ ಶುರು, ಶರತ್ಕಾಲ, ವಸಂತ. ಅದೂ ಆಕಾಶದಲ್ಲಿ ಮೋಡ ಇಲ್ಲದಾಗ. ಆ ಎಣ್ಣೆಯಿಂದ ಮೈಗ್ರೇನ್ ನಿಲ್ಲುತ್ತೆ ಅಂತ ನಾನು ಹೇಳ್ತಾ ಇಲ್ಲ, ನಾನು ಡಾಕ್ಟರಲ್ಲ. ನನಗೆ ಮುಖ್ಯ ಅನ್ನಿಸಿದ್ದು ಆ ವೇಳಾಪಟ್ಟಿ. ನೋವು ಬಂದ ಮೇಲೆ ಓಡಾಡೋ ಬದಲು, ಕಾಲ ತಿರುಗೋ ಹೊತ್ತಿಗೇ ಮದ್ದು ಶುರು ಮಾಡೋ ಲೆಕ್ಕಾಚಾರ ಅದು. ಅದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅತ್ತ ಗ್ರೀಸಿನಲ್ಲೂ ಇದೇ ಯೋಚನೆ. ಹಿಪೊಕ್ರಟಿಸ್ ಹೆಸರಿನಲ್ಲಿರೋ ಗ್ರಂಥಗಳಲ್ಲಿ ಗಾಳಿ, ನೀರು, ಸ್ಥಳಗಳ ಬಗ್ಗೆ ಒಂದಿದೆ. ವೈದ್ಯ ಆಗಬೇಕಾದವನು ಮೊದಲು ವರ್ಷದ ಋತುಗಳನ್ನ ಗಮನಿಸಬೇಕು ಅಂತಲೇ ಅದು ಶುರುವಾಗೋದು. ಕ್ರಿ.ಶ. 2ನೇ ಶತಮಾನದ ಗೇಲನ್ ಈ ನೋವಿಗೆ ಹೆಮಿಕ್ರೇನಿಯಾ ಅಂದ, ಅಂದರೆ ಅರ್ಧ ತಲೆಬುರುಡೆ. ಅದೇ ಪದ ಬಾಯಿಂದ ಬಾಯಿಗೆ ಸವೆದು ಫ್ರೆಂಚಿನಲ್ಲಿ ಮೈಗ್ರೇನ್ ಆಯ್ತು. ಗ್ರೀಕರದ್ದೂ ಅರ್ಧ, ನಮ್ಮದೂ ಅರೆ.

ಕಾರಣ ಹುಡುಕೋದರಲ್ಲಿ ಜಾಣತನ ಇತ್ತು, ಚಿಕಿತ್ಸೆಯಲ್ಲಿ ಮಾತ್ರ ಅಷ್ಟೇ ಕ್ರೌರ್ಯ. ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ 1ನೇ ಶತಮಾನದಲ್ಲಿ, ವಿದ್ಯುತ್ ಹೊಡೆಯೋ ಜೀವಂತ ಮೀನನ್ನ ತಲೆ ಮೇಲೆ ಇಡಿ ಅಂತ ಬರೆದ. ಸ್ಪೇನಿನ ಅಲ್-ಜಹ್ರಾವಿ ಕಣತಲೆ ಕೊಯ್ದು, ಚರ್ಮದ ಕೆಳಗೆ ಬೆಳ್ಳುಳ್ಳಿ ಎಸಳು ಇಡೋ ವಿಧಾನ ಹೇಳಿದ. ಬರೆ ಹಾಕೋದಂತೂ ಮಾಮೂಲಿ. ಇದರ ಪಟ್ಟಿ ಮಾಡ್ತಾ ಹೋದರೆ ಸಂಚಿಕೆ ಪೂರ್ತಿ ಭಯಾನಕ ರಸ ಆಗುತ್ತೆ, ಬಿಡಿ. ನಾನು ಒಬ್ಬಳೇ ಒಬ್ಬ ರೋಗಿಯ ಕಥೆ ಹೇಳಬೇಕು.

ಅವಳ ಹೆಸರು ಆ್ಯನ್ ಕಾನ್ವೇ. ಹುಟ್ಟಿದ್ದು 1631ರಲ್ಲಿ, ಇಂಗ್ಲೆಂಡಿನಲ್ಲಿ. ಶ್ರೀಮಂತರ ಮನೆ. ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗೋ ಹಾಗಿಲ್ಲದ ಕಾಲ, ಇವಳು ಕೇಂಬ್ರಿಜ್‌ನ ಹೆನ್ರಿ ಮೋರ್ ಅನ್ನೋ ತತ್ವಶಾಸ್ತ್ರಜ್ಞನ ಜೊತೆ ಪತ್ರದಲ್ಲೇ ವಾದ ಮಾಡ್ತಾ ಕಲಿತಳು. 12ನೇ ವಯಸ್ಸಿನಲ್ಲಿ ಒಂದು ಜ್ವರ ಬಂತು. ಜ್ವರ ಹೋಯ್ತು, ತಲೆನೋವು ಉಳೀತು. ಸಾಯೋವರೆಗೂ ಹೋಗಲಿಲ್ಲ.

ಅವಳನ್ನ ನೋಡಿದ ವೈದ್ಯರು ಸಾಮಾನ್ಯರಲ್ಲ. ರಕ್ತ ದೇಹದಲ್ಲಿ ಸುತ್ತುತ್ತೆ ಅಂತ ಕಂಡುಹಿಡಿದ ವಿಲಿಯಂ ಹಾರ್ವೆ ನೋಡಿದ. ತಲೆಬುರುಡೆಗೆ ರಂಧ್ರ ಕೊರೆಸೋ ಯೋಚನೆ ಬಂದು 1656ರಲ್ಲಿ ಪ್ಯಾರಿಸ್‌ಗೆ ಕರಕೊಂಡು ಹೋದರು. ಅಲ್ಲಿ ತಲೆ ಕೊರೆಯಲಿಲ್ಲ, ರಕ್ತನಾಳ ಕತ್ತರಿಸಿ ರಕ್ತ ಬಿಟ್ಟರು. ಪಾದರಸ ಕೊಟ್ಟರು, ಅದರಿಂದ ಪ್ರಾಣವೇ ಹೋಗೋ ಹಾಗಾಯ್ತು. ಬುಗ್ಗೆ ನೀರಲ್ಲಿ ಸ್ನಾನ ಮಾಡಿಸಿದರು. ಹವಾ ಬದಲಾವಣೆ ಅಂತ ಇಂಗ್ಲೆಂಡು, ಐರ್ಲೆಂಡು, ಫ್ರಾನ್ಸು ಸುತ್ತಿಸಿದರು. 1666ರಲ್ಲಿ ಐರ್ಲೆಂಡಿನಿಂದ ಗ್ರೇಟ್‌ರೇಕ್ಸ್ ಅನ್ನೋನೊಬ್ಬ ಬಂದ, ಬರೀ ಕೈ ಸವರಿ ರೋಗ ವಾಸಿ ಮಾಡ್ತಾನೆ ಅಂತ ಅವನಿಗೆ ಹೆಸರು. ಸುತ್ತಮುತ್ತಲ ಊರವರೆಲ್ಲ ಅವಳ ಮನೆ ಬಾಗಿಲಿಗೆ ಬಂದು ಕೈ ಸವರಿಸಿಕೊಂಡರು, ಎಷ್ಟೋ ಜನ ಗುಣ ಆಯ್ತು ಅಂದರು. ಕರೆಸಿದವಳಿಗೆ ಮಾತ್ರ ಏನೂ ಆಗಲಿಲ್ಲ.

ಅವಳನ್ನ ನೋಡಿದ ಇನ್ನೊಬ್ಬ ವೈದ್ಯ ಥಾಮಸ್ ವಿಲ್ಲಿಸ್. ಮೆದುಳಿನ ಅಧ್ಯಯನದಲ್ಲಿ ಬಹಳ ದೊಡ್ಡ ಹೆಸರು. 1672ರ ತನ್ನ ಲ್ಯಾಟಿನ್ ಪುಸ್ತಕದಲ್ಲಿ ಅವನು ಹೆಸರು ಹೇಳದೆ ಒಬ್ಬ ಕುಲೀನ ಮಹಿಳೆಯ ತಲೆನೋವನ್ನ ವಿವರಿಸ್ತಾನೆ. ಅದು ಆ್ಯನ್ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಕತ್ತಲೆ ಮಾಡಿದ ಕೋಣೆ, ಹಾಸಿಗೆ ಮೇಲೆ ನೆಟ್ಟಗೆ ಕೂತ ಹೆಂಗಸು, ಬೆಳಕು ಬೇಡ, ಶಬ್ದ ಬೇಡ, ಮಾತು ಬೇಡ, ಊಟ ನಿದ್ದೆ ಎರಡೂ ಇಲ್ಲ, ಎರಡು ಮೂರು ದಿನ ಹಾಗೇ. ಇದನ್ನ ಓದೋವಾಗ ನನಗೆ ತಿಪಟೂರಿನ ಒಳಕೋಣೆ ಕಣ್ಣಿಗೆ ಕಟ್ಟಿತು.

ಯಾವಾಗ ಇವಳ ನೋವು ಜಾಸ್ತಿ ಆಗ್ತಿತ್ತು ಅಂತಲೂ ವಿಲ್ಲಿಸ್ ಬರೆದಿದ್ದಾನೆ. ಗಾಳಿ ಬದಲಾದಾಗ, ವರ್ಷದ ಕಾಲ ತಿರುಗಿದಾಗ, ಸೂರ್ಯ ಚಂದ್ರರ ವಿಶೇಷ ಸ್ಥಾನಗಳಲ್ಲಿ, ಮನಸ್ಸು ಕೆರಳಿದಾಗ, ಊಟದಲ್ಲಿ ತಪ್ಪಾದಾಗ. ದೃಢಬಲನ ಪಟ್ಟಿ ಪಕ್ಕದಲ್ಲಿ ಇದನ್ನ ಇಟ್ಟು ನೋಡಿ. ಬೇರೆ ಬೇರೆ ಖಂಡ, ಮಧ್ಯೆ ಸಾವಿರ ವರ್ಷಕ್ಕೂ ಹೆಚ್ಚು ಅಂತರ. ಆದರೂ ಇಬ್ಬರ ಎಂಟ್ರಿಗಳು ಹೆಚ್ಚುಕಡಿಮೆ ಟ್ಯಾಲಿ ಆಗ್ತವೆ.

ಆದರೆ ಪಟ್ಟಿ ಮಾಡಿದ್ದು ಬಿಟ್ಟರೆ ಆಮೇಲೆ ಏನೂ ಆಗಲಿಲ್ಲ. ಎಷ್ಟು ನೋವು ಕಾಲ ತಿರುಗೋವಾಗ ಬಂತು, ಎಷ್ಟು ಬೇರೆ ದಿನ ಬಂತು ಅಂತ ಅವಳ ವಿಷಯದಲ್ಲಿ ಯಾರೂ ಕೂಡಿ ಕಳೆಯಲಿಲ್ಲ. ಆ್ಯನ್ 1679ರ ಫೆಬ್ರವರಿಯಲ್ಲಿ ತೀರಿಕೊಂಡಳು. ಗಂಡ ಐರ್ಲೆಂಡಿನಲ್ಲಿದ್ದ. ನೋವಿನ ಮಧ್ಯೆಯೇ ನೋಟ್‌ಪುಸ್ತಕದಲ್ಲಿ ಅವಳು ಬರೆದಿಟ್ಟಿದ್ದ ತತ್ವಶಾಸ್ತ್ರದ ಗ್ರಂಥ 1690ರಲ್ಲಿ ಅಚ್ಚಾಯ್ತು, ಲೇಖಕಿಯ ಹೆಸರಿಲ್ಲದೆ. ಜರ್ಮನಿಯ ಲೈಬ್ನಿಟ್ಸ್ ಅದನ್ನ ಮೆಚ್ಚಿದ. ಮಧ್ಯೆ ಒಂದು ಮಗುವನ್ನೂ ಅವಳು ಸಿಡುಬಿಗೆ ಕಳಕೊಂಡಿದ್ದಳು. ತಲೆನೋವು ಅನ್ನೋದು ಸೋಮಾರಿಗಳ ಕಾಯಿಲೆ ಅಂತ ಯಾರಾದ್ರೂ ಅಂದರೆ ನಾನೀಗ ಈ ಹೆಂಗಸಿನ ಹೆಸರು ಹೇಳ್ತೀನಿ.

ಮುಂದಿನ ಇನ್ನೂರು ವರ್ಷ ಬೇಗ ದಾಟಿಬಿಡೋಣ. 1873ರಲ್ಲಿ ಎಡ್ವರ್ಡ್ ಲೈವಿಂಗ್ ಅನ್ನೋ ಇಂಗ್ಲಿಷ್ ವೈದ್ಯ ಮೈಗ್ರೇನ್ ಮೇಲೆ ದೊಡ್ಡ ಪುಸ್ತಕ ಬರೆದು, ಇದು ನರಗಳ ಬಿರುಗಾಳಿ ಅಂದ. ಆಗಲೂ ಹೋಲಿಕೆ ಹವಾಮಾನದ್ದೇ. ಇತ್ತ 1893ರಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಬೊಂಬಾಯಿಯಲ್ಲಿ ಅಮೃತಾಂಜನ ಶುರು ಮಾಡಿದರು. ಮುಂದೆ ತೆಲುಗಿನ ಆಂಧ್ರ ಪತ್ರಿಕೆ ಸ್ಥಾಪಿಸಿದ್ದೂ ಅವರೇ. ಆ ಹಳದಿ ಮುಲಾಮು ದಕ್ಷಿಣದ ಪ್ರತಿ ಮನೆ ಗೂಡಿಗೂ ಬಂದು ಕೂತಿತು. ನಮ್ಮಜ್ಜಿಗೆ ತಲೆನೋವಿನ ಇತಿಹಾಸ ಅಂದರೆ ಅಷ್ಟೇ.

ಮೊದಲ ನಿಜವಾದ ಮೈಗ್ರೇನ್ ಔಷಧಿ ಬಂದಿದ್ದು ಒಂದು ಬೆಳೆ ರೋಗದಿಂದ. ಯುರೋಪಿನಲ್ಲಿ ಚಳಿ, ಮಳೆ ಹೆಚ್ಚಾದ ವರ್ಷ ರೈ ಅನ್ನೋ ಧಾನ್ಯದ ತೆನೆಗೆ ಎರ್ಗಟ್ ಅನ್ನೋ ಕಪ್ಪು ಶಿಲೀಂಧ್ರ ಬರುತ್ತೆ. ಆ ಹಿಟ್ಟು ತಿಂದ ಹಳ್ಳಿಗಳಲ್ಲಿ ಜನರ ಕೈಕಾಲು ಕೊಳೆತು ಬೀಳ್ತಿದ್ದವು, ಯಾಕಂದ್ರೆ ಅದು ರಕ್ತನಾಳಗಳನ್ನ ಬಿಗಿಯುತ್ತೆ. ಅದೇ ವಿಷದಿಂದ 1918ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಆರ್ಥರ್ ಸ್ಟೋಲ್ ಎರ್ಗೊಟಮಿನ್ ಬೇರ್ಪಡಿಸಿದ. 1920ರ ದಶಕದಲ್ಲಿ ಅದು ಮೈಗ್ರೇನ್‌ಗೆ ಬಳಕೆಗೆ ಬಂತು. ಆದರೆ ಜಾಸ್ತಿ ತಗೊಂಡರೆ ಅದೇ ತಲೆನೋವು ತರ್ತಿತ್ತು. 1966ರಲ್ಲಿ ಎದೆನೋವಿಗೆ ಪ್ರೊಪ್ರನೊಲಾಲ್ ಕೊಟ್ಟ ರೋಗಿಯೊಬ್ಬರ ಮೈಗ್ರೇನ್ ಕಡಿಮೆ ಆಗಿದ್ದನ್ನ ವೈದ್ಯರು ಅಕಸ್ಮಾತ್ ಗಮನಿಸಿದರು. ನೋವು ಬರದಂತೆ ಮೊದಲೇ ಕೊಡೋ ಮಾತ್ರೆಗಳಲ್ಲಿ ಇವತ್ತಿಗೂ ಅದು ಇದೆ. 1991ರಲ್ಲಿ ಸುಮಾಟ್ರಿಪ್ಟಾನ್, 2018ರಲ್ಲಿ ಸಿಜಿಆರ್‌ಪಿ ಅನ್ನೋ ರಾಸಾಯನಿಕವನ್ನ ತಡೆಯೋ ಇಂಜೆಕ್ಷನ್‌ಗಳು ಬಂದವು. ಬೆಲೆ ಕೇಳಬೇಡಿ.

ಋತುವಿನ ಲೆಕ್ಕ ಕೊನೆಗೂ ಶುರುವಾಗಿದ್ದು ಈಚೆಗೆ. ಕೆನಡಾದ ಕ್ಯಾಲ್ಗರಿಯಲ್ಲಿ ಚಳಿಗಾಲದ ಮಧ್ಯೆ ಬೆಟ್ಟಗಳ ಕಡೆಯಿಂದ ಶಿನೂಕ್ ಅನ್ನೋ ಬೆಚ್ಚನೆ ಗಾಳಿ ಬೀಸುತ್ತೆ. ಅದು ಬಂದರೆ ತಲೆನೋವು ಅಂತ ಅಲ್ಲಿನವರು ಹೇಳ್ತಿದ್ದರು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 75 ರೋಗಿಗಳ ಡೈರಿಯನ್ನ ಹವಾಮಾನ ದಾಖಲೆ ಜೊತೆ ಹೋಲಿಸಿದರು. ಕೆಲವರಿಗೆ ಗಾಳಿ ಬರೋ ಹಿಂದಿನ ದಿನ ನೋವು, ಕೆಲವರಿಗೆ ಅದು ಜೋರಾಗಿ ಬೀಸೋ ದಿನ. ಎರಡಕ್ಕೂ ನೋವು ಬಂದವರು ತೀರಾ ಕಡಿಮೆ. 2009ರಲ್ಲಿ ಬಾಸ್ಟನ್ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಗೆ ತಲೆನೋವು ಅಂತ ಬಂದ 7,054 ಜನರ ದಾಖಲೆ ನೋಡಿದರು. ತಾಪಮಾನ 5 ಡಿಗ್ರಿ ಸೆಲ್ಸಿಯಸ್ ಏರಿದರೆ ಮರುದಿನದೊಳಗೆ ತಲೆನೋವಿನ ಸಾಧ್ಯತೆ ಸುಮಾರು ಶೇ. 7.5 ಹೆಚ್ಚಾಗ್ತಿತ್ತು. ಶೇ. 7.5 ಅಂದರೆ ಸೊನ್ನೆ ಅಲ್ಲ, ಹಾಗಂತ ಪೂರ್ತಿ ಉತ್ತರವೂ ಅಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2004ರಲ್ಲಿ ಕನೆಕ್ಟಿಕಟ್‌ನಿಂದ ಬಂದ ಅಧ್ಯಯನ. 77 ರೋಗಿಗಳು. ಹವಾಮಾನದಿಂದಲೇ ನಮಗೆ ನೋವು ಅಂತ ನಂಬಿದ್ದವರು 48. ತಿಂಗಳುಗಟ್ಟಲೆ ಡೈರಿ ಬರೆಸಿ ತಾಳೆ ನೋಡಿದಾಗ ನಿಜವಾಗಿ ಹವಾಮಾನಕ್ಕೆ ಸ್ಪಂದಿಸ್ತಿದ್ದವರು 39. ಅಂದರೆ ಹವಾಮಾನ ಅನ್ನೋದು ಬರೀ ಭ್ರಮೆ ಅಲ್ಲ. ನಾವು ನಂಬಿದಷ್ಟೂ ನಿಜ ಅಲ್ಲ.

ನಮ್ಮ ದೇಶದ್ದೂ ಒಂದು ಹೇಳಲೇಬೇಕು. ಮುಂಬೈಯ ವೈದ್ಯ ಕೆ. ರವಿಶಂಕರ್ 2006ರಲ್ಲಿ 94 ರೋಗಿಗಳ ಬಗ್ಗೆ ಬರೆದರು, ತಲೆಗೆ ಸ್ನಾನ ಮಾಡಿದ ದಿನ ಮೈಗ್ರೇನ್ ಬರೋರು. ನಮ್ಮ ಮನೆಗಳಲ್ಲಿ ಅದು ಎಲ್ಲ ಹೆಂಗಸರಿಗೂ ಗೊತ್ತಿರೋ ವಿಷಯ, ವೈದ್ಯಕೀಯ ಪತ್ರಿಕೆಗೆ ಹೋಗೋಕೆ 2006ರವರೆಗೆ ಕಾಯಬೇಕಾಯ್ತು. ಇನ್ನು ಕರ್ನಾಟಕದ ಲೆಕ್ಕ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 2,329 ಜನರನ್ನ ಮಾತಾಡಿಸಿ ನಿಮ್ಹಾನ್ಸ್ ತಂಡ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯ್ತು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿದ್ದವರು ಶೇ. 25.2. ನಾಲ್ವರಲ್ಲಿ ಒಬ್ಬರು. ನೀವು ಈಗ ಬಸ್ಸಲ್ಲಿ ಕೂತು ಇದನ್ನ ಕೇಳ್ತಾ ಇದ್ದರೆ ಒಮ್ಮೆ ಸುತ್ತ ನೋಡಿ.

ಈಗ ನನ್ನ ಲೆಕ್ಕ. ಕೊನೆಗೂ ಸರಿಯಾದ ಹೆಸರು ಹೇಳಿದ ನರರೋಗ ವೈದ್ಯೆ ನನಗೆ ಕೊಟ್ಟ ಮೊದಲ ಕೆಲಸ ಡೈರಿ. ನಾನು ಕಾಮರ್ಸ್‌ನವಳು, ಇನ್ನೇನು ಬೇಕು, ದಿನವಹಿ ಥರ ಕಾಲಂ ಹಾಕಿದೆ. ನಿದ್ದೆ ಎಷ್ಟು, ತಿಂಡಿ ತಿಂದೆನಾ, ಬಿಸಿಲಿಗೆ ಹೋದೆನಾ, ಮುಟ್ಟು, ತಲೆಸ್ನಾನ, ಮಾತ್ರೆ. ಆಗ ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿದ್ದೆ. ಮೊದಲ ವರ್ಷ ಫೆಬ್ರವರಿ 15ರಿಂದ ಏಪ್ರಿಲ್ 15ರವರೆಗೆ 17 ಸಲ ನೋವು. ಉಳಿದ ಹತ್ತು ತಿಂಗಳು ಸೇರಿ 21. ನೋಡಿ, ಸೀಸನ್ನೇ ಅಂತ ನಾನು ಗೆದ್ದವಳ ಹಾಗೆ ಪುಸ್ತಕ ತೋರಿಸಿದೆ. ಅವರು ನಕ್ಕು, ಮಾರ್ಚ್‌ನಲ್ಲಿ ನಿಮ್ಮ ಆಫೀಸಲ್ಲಿ ಏನು ನಡೆಯುತ್ತೆ ಅಂತ ಕೇಳಿದರು.

ಮಾರ್ಚ್ ಎಂಡಿಂಗ್! ರಾತ್ರಿ ಹನ್ನೊಂದರವರೆಗೆ ಕೆಲಸ, ಬೆಳಗ್ಗೆ ತಿಂಡಿ ಇಲ್ಲ, ಕಾಫಿ ಮೇಲೆ ಕಾಫಿ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೊಂದು ಕಾಲಂ ಅದಕ್ಕಿಂತ ಕೆಟ್ಟದ್ದು ಹೇಳ್ತಿತ್ತು. ಆ ತಿಂಗಳು ನಾನು 20 ದಿನ ಮಾತ್ರೆ ನುಂಗಿದ್ದೆ. ಸಾದಾ ನೋವಿನ ಮಾತ್ರೆಯನ್ನ ತಿಂಗಳಿಗೆ 15 ದಿನ, ಟ್ರಿಪ್ಟಾನ್ ಥರದ್ದನ್ನ 10 ದಿನ ಮುಟ್ಟಿ, ತಿಂಗಳುಗಟ್ಟಲೆ ಹಾಗೇ ಮುಂದುವರಿದರೆ ಮಾತ್ರೆಯೇ ತಲೆನೋವು ಹುಟ್ಟಿಸುತ್ತೆ. ಹಿಂದೆ ಎರ್ಗೊಟಮಿನ್ ಮಾಡಿದ ಮೋಸವೇ ಇದು.

ಎರಡನೇ ವರ್ಷದ ಹೊತ್ತಿಗೆ ನಾನು ಕೆಲಸ ಬಿಟ್ಟು ಈ ಪಾಡ್‌ಕಾಸ್ಟ್ ಶುರು ಮಾಡಿದ್ದೆ. ಅದೇ ಎರಡು ತಿಂಗಳಲ್ಲಿ ನೋವು 11. ಕಮ್ಮಿಯಾದ 6ನ್ನ ಮಾರ್ಚ್ ಎಂಡಿಂಗ್ ಖಾತೆಗೆ ಬರೆಯಬಹುದು. ಉಳಿದ 11 ಯಾರ ಖಾತೆಗೆ? ಏರೋ ಸೆಖೆ, ಕಣ್ಣು ಕುಕ್ಕೋ ಬಿಸಿಲು, ಸೆಖೆಗೆ ಕೆಡೋ ನಿದ್ದೆ, ಕುಡಿಯೋಕೆ ಮರೆಯೋ ನೀರು, ಇವೆಲ್ಲ ಕೂಡಿಯೇ ಸೀಸನ್ ಆಗೋದು. ಬಿಡಿಸೋಕೆ ನನ್ನಿಂದ ಆಗಲಿಲ್ಲ, ಸಸ್ಪೆನ್ಸ್ ಅಕೌಂಟಿನಲ್ಲಿ ಇಟ್ಟಿದ್ದೀನಿ.

ಮೂರನೇ ವರ್ಷ ವೈದ್ಯೆ ಫೆಬ್ರವರಿ ಮೊದಲ ವಾರದಲ್ಲೇ ತಡೆಯೋ ಮಾತ್ರೆ ಶುರು ಮಾಡಿ, ಮೇವರೆಗೆ ಕೊಟ್ಟು ನಿಲ್ಲಿಸಿದರು. ಕಾಲ ತಿರುಗೋ ಮೊದಲೇ ಮದ್ದು. ಚರಕದ ವೇಳಾಪಟ್ಟಿ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಇದು ನನಗೆ ಕೊಟ್ಟ ಚಿಕಿತ್ಸೆ, ನಿಮಗೆ ಯಾವುದು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ನನಗೆ ಆ ವರ್ಷ 7 ಸಲ ಬಂತು, ಅದರಲ್ಲಿ ಹಾಸಿಗೆ ಹಿಡಿಸಿದ್ದು ಎರಡು. ತೂಕ ಮೂರು ಕೆ.ಜಿ. ಏರಿತು, ಬೆಳಗ್ಗೆ ಮಂಪರು. ಈ ವರ್ಷ ಮಾತ್ರೆ ಶುರು ಮಾಡೋದನ್ನ ನಾನೇ ಮುಂದೂಡಿದೆ, ಸಂಚಿಕೆ ತಡವಾಗಿದ್ದು ಹಾಗೆ.

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಅಮ್ಮ ನನ್ನ ಡೈರಿ ತಿರುವಿ ಹಾಕಿದರು. ಏನೂ ಮಾತಾಡದೆ ಒಳಗೆ ಹೋಗಿ, ಬೀರು ಮೇಲಿಂದ ಹಳೇ ಕ್ಯಾಲೆಂಡರ್‌ಗಳ ಒಂದು ಕಟ್ಟು ತಂದರು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ಗಳು, ಅರ್ಧ ಲೀಟರ್, ಒಂದು ಲೀಟರ್ ಅಂತ ಪ್ರತಿ ಮನೆಯೊಳಗೂ ಬರೆದಿತ್ತು. ಕೆಲವು ತಾರೀಕುಗಳ ಮೂಲೆಯಲ್ಲಿ ಮಾತ್ರ ಪೆನ್ಸಿಲ್‌ನಿಂದ ಒಂದು ಸಣ್ಣ ಚುಕ್ಕೆ. ಹಾಲು ಬೇಡ ಅಂದ ದಿನಾನಾ ಅಂತ ಕೇಳಿದೆ.

‘ಅಲ್ಲ ಕಣೇ, ನಾನು ಮಲಗಿದ ದಿನ,’ ಅಂದರು.

2003ರಿಂದ 2011ರವರೆಗಿನ ಒಂಬತ್ತು ಕ್ಯಾಲೆಂಡರು ಸಿಕ್ಕಿವೆ. ಬೆಂಗಳೂರಿಗೆ ತಂದಿದ್ದೀನಿ. ಚುಕ್ಕೆಗಳನ್ನ ತಿಂಗಳುವಾರು ಎಣಿಸಿ ಕಾಲಂ ಹಾಕ್ತಾ ಇದ್ದೀನಿ, 2007ರವರೆಗೆ ಮುಗಿದಿದೆ. ಮುಂದಿನ ತಿಂಗಳು 12ಕ್ಕೆ ಅಮ್ಮನಿಗೆ ಅದೇ ವೈದ್ಯೆಯ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.